ಮಣ್ಣಿನ ಲೋಟದಲ್ಲಿ ಹೊಂಗೆ

ಅರಸೀಕೆರೆ ಸ್ಟೇಷನ್ನಿನಲ್ಲಿ ಮಣ್ಣಿನ ಲೋಟದಲ್ಲಿ ಟೀ ಕೊಡುತ್ತಿದ್ದ ಕಾಲವೊಂದಿತ್ತು ಎಂದರೆ ಈಗ ಕೆಲವರು ನಂಬುವುದಿಲ್ಲ. ಒಮ್ಮೊಮ್ಮೆ ನನಗೂ ಅನುಮಾನ ಬರುತ್ತದೆ. ಎರಡು ಸಾವಿರ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ಪ್ಲಾಸ್ಟಿಕ್ ಕಪ್ಪಿನ ಬದಲು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ಕೆಂಪು, ಅಂಚು ಒರಟಾದ ಲೋಟ ಬಂದಿತ್ತು. ಟೀಗೆ ಮಳೆ ಬಿದ್ದ ನೆಲದ ವಾಸನೆ ಹತ್ತುತ್ತಿತ್ತು. ಜನ ಕುಡಿದು ಹಳಿಗಳ ಮೇಲೆ ಎಸೆಯುತ್ತಿದ್ದರು. ಒಡೆಯುವ ಸದ್ದು ಕೇಳುವುದಕ್ಕೆಂದೇ ಎಸೆಯುವವರೂ ಇದ್ದರು. ಹೆಚ್ಚು ದಿನ ನಡೆಯಲಿಲ್ಲ. ಕಾಗದದ ಕಪ್ಪು ಬಂದು ಇದು ಮರೆಯಾಯಿತು.

ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಸಂಶೋಧನೆಗೆ ಸೇರಿ, ಅರ್ಧಕ್ಕೆ ಬಿಟ್ಟು ಮನೆಗೆ ಬಂದು, ಬೇಸರವಾಗಿ ಮತ್ತೆ ಮೈಸೂರಿಗೆ ಹೋಗಿ, ಅಲ್ಲೂ ನಿಲ್ಲಲಾರದೆ ಮತ್ತೆ ಬರುತ್ತಿದ್ದ ವರ್ಷ ಅದು. ಹಾಗಾಗಿ ಯಾವುದನ್ನು ಕಣ್ಣಾರೆ ಕಂಡೆ, ಯಾವುದನ್ನು ಅಕ್ಕನಿಂದ ಫೋನಿನಲ್ಲಿ ಕೇಳಿದೆ ಎಂಬುದು ಒಂದಕ್ಕೊಂದು ಕಲಸಿಹೋಗಿದೆ. ಅಕ್ಕನನ್ನು ಬೇಲೂರಿಗೆ ಕೊಟ್ಟಿತ್ತು. ಈ ಬರಹವನ್ನು ಅವಳು ಓದಿದರೆ ಕಡೇಪಕ್ಷ ಎರಡು ಕಡೆ ಜಗಳ ತೆಗೆಯುತ್ತಾಳೆ.

ಅಪ್ಪ ಜಾವಗಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅವರ ಕೊನೆಯ ವರ್ಷದಲ್ಲಿ ಶಾಲೆಯ ಬಯಲಿನಲ್ಲಿ ಗಿಡ ನೆಟ್ಟರಂತೆ. ಗಿಡಗಳು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ದವು. ನೆಟ್ಟ ಮೇಲೆ ಮಕ್ಕಳು ಹರಿದು ಬಿಸಾಡಿದ ಚೀಲಗಳು ಬೇಲಿಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಪಟಪಟ ಅನ್ನುತ್ತಿದ್ದವು. ಬೇಸಿಗೆ ರಜದಲ್ಲಿ ಮೇಕೆಗಳು ನುಗ್ಗಿ ಗಿಡ ತಿಂದವು. ಚೀಲ ಮಾತ್ರ ಉಳಿಯಿತು. ಅಪ್ಪ ಮಕ್ಕಳನ್ನು ನಿಲ್ಲಿಸಿಕೊಂಡು, ಮುಂದಿನ ಸಲ ಮೇಕೆ ಮುಟ್ಟದ ಹೊಂಗೆ ತರುತ್ತೇನೆ, ಪ್ಲಾಸ್ಟಿಕ್ಕೂ ಇರುವುದಿಲ್ಲ ಎಂದು ಮಾತು ಕೊಟ್ಟರು. ಆಮೇಲೆ ನಿವೃತ್ತರಾದರು.

ಬೇರೆ ಯಾರಾದರೂ ಆ ಮಾತನ್ನು ಅಲ್ಲಿಗೇ ಬಿಡುತ್ತಿದ್ದರು. ಅಪ್ಪನಿಗೆ ಏನನ್ನೂ ಬಿಡಲು ಬರುತ್ತಿರಲಿಲ್ಲ. ಬಂದ ಲಕೋಟೆಯನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸುತ್ತಿದ್ದರು. ಮುರಿದ ಕೊಡೆಯ ಕಡ್ಡಿ ಮಲ್ಲಿಗೆ ಬಳ್ಳಿಗೆ ಊರುಗೋಲಾಗುತ್ತಿತ್ತು. ಅಮ್ಮನೂ ಏನು ಕಡಿಮೆಯಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಕಾಯಿಚಿಪ್ಪು ಬಚ್ಚಲ ಒಲೆಗೆ, ಒಲೆಯ ಬೂದಿ ಪಾತ್ರೆಗೆ. ಇದನ್ನೆಲ್ಲ ಪರಿಸರದ ಕಾಳಜಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಎಸೆಯಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ, ಅಷ್ಟೇ. ಒಂದೇ ವ್ಯತ್ಯಾಸ. ಅಪ್ಪನ ಕಣ್ಣಿಗೆ ಕಸ ಎಂಬುದೇ ಇರಲಿಲ್ಲ. ಅಮ್ಮನ ಕಣ್ಣಿಗೆ ಒಂದೇ ಒಂದು ಕಸವಿತ್ತು, ಎಂಜಲು.

ಬೆಳಗಿನ ವಾಕಿಂಗಿಗೆ ಸ್ಟೇಷನ್ ಕಡೆ ಹೋಗುತ್ತಿದ್ದ ಅಪ್ಪ ಒಂದು ದಿನ ಬಟ್ಟೆಯ ಚೀಲ ತುಂಬಿಸಿಕೊಂಡು ಹಿತ್ತಲ ಬಾಗಿಲಿಗೆ ಬಂದರು. ಅಮ್ಮ ತುಳಸಿಕಟ್ಟೆಯ ಹತ್ತಿರ ರಂಗೋಲಿ ಹಾಕುತ್ತಿದ್ದಳು. ಈ ದೃಶ್ಯದಲ್ಲಿ ನಾನಿದ್ದೆ, ಅನುಮಾನವಿಲ್ಲ.

"ಏನ್ರೀ ಅದು?"

"ಲೋಟ. ಮಣ್ಣಿಂದು. ಒಂದೂ ಒಡೆದಿಲ್ಲ ನೋಡು. ಹೊಂಗೆ ಬೀಜ ಹಾಕೋಕೆ ಹೇಳಿ ಮಾಡಿಸಿದ ಹಾಗಿದೆ."

"ಯಾರು ಕುಡಿದಿದ್ದು?"

ಅಪ್ಪ ಸ್ವಲ್ಪ ಯೋಚಿಸಿ, "ಹುಬ್ಬಳ್ಳಿ ಗಾಡಿಯವರು" ಎಂದರು.

ಅಮ್ಮ ರಂಗೋಲಿ ಬಟ್ಟಲು ಕೆಳಗಿಟ್ಟಳು. ಊರೂರಿನವರ ಬಾಯಿಗೆ ತಾಗಿದ್ದನ್ನು ತುಳಸಿಯ ಮುಂದೆ ತಂದಿಡುವುದು ಯಾವ ಸೀಮೆಯ ಬುದ್ಧಿ ಎಂದು ಶುರುವಾಯಿತು. ಅಪ್ಪ ತೊಳೆಯುತ್ತೇನೆ ಎಂದರು. ಮಣ್ಣು ಎಂಜಲನ್ನು ಹೀರಿಕೊಂಡಿರುತ್ತದೆ, ತೊಳೆದರೆ ಹೋಗುವುದಿಲ್ಲ ಎಂದಳು.

"ಗಿಡಕ್ಕೆ ಎಂಜಲು ಗೊತ್ತಾಗುತ್ತೇನೇ?"

"ಗಿಡಕ್ಕೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ."

ಮೈಸೂರಿನಲ್ಲಿ ನಾನು ಓದಿದ್ದೇ ಮಡಿ-ಮೈಲಿಗೆಯ ವಿಚಾರ. ಬಾಯಿ ಹಾಕಲಿಲ್ಲ.

ಲೋಟಗಳಿಗೆ ಕಾಂಪೌಂಡಿನ ಹೊರಗೆ, ರಸ್ತೆಯ ಮಗ್ಗುಲಲ್ಲಿ ಜಾಗ ಸಿಕ್ಕಿತು. ಅಪ್ಪ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಲೋಟವನ್ನು ನೀರಿನಲ್ಲಿ ನೆನೆಸಿ, ತಳಕ್ಕೆ ಮೊಳೆಯಿಟ್ಟು ಮೆಲ್ಲಗೆ ತಿರುಗಿಸಿ ತಿರುಗಿಸಿ ತೂತು ಮಾಡುತ್ತಿದ್ದರು. ಸುತ್ತಿಗೆಯಿಂದ ಹೊಡೆದರೆ ಒಡೆದೇಹೋಗುತ್ತಿತ್ತು. ಬೀಜ ಅಕ್ಕ ಕಳಿಸಿದ್ದು. ಹಳೇಬೀಡಿನ ಕೆರೆ ಏರಿಯ ಹತ್ತಿರ ಬಿದ್ದಿದ್ದ ಹೊಂಗೆಕಾಯಿಯನ್ನು ಅವಳ ಮಕ್ಕಳು ಆರಿಸಿದ್ದರು. ಬೇಲೂರಿನಲ್ಲೇ ಆರಿಸಿದ್ದು ಎಂದು ಅಕ್ಕ ಈಗ ಹೇಳುತ್ತಾಳೆ. ಇರಬಹುದು. ಆದರೆ ಹಳೇಬೀಡು ಎಂದು ಅಂದು ಅಪ್ಪನಿಗೆ ಹೇಳಿದವಳು ಅವಳೇ.

ಸಂಪಿಗೆ ಬಣ್ಣಕ್ಕೆ ತಿರುಗುವ ಸಂಜೆ ಬಿಸಿಲಿನಲ್ಲಿ ಅಪ್ಪ ಲೋಟಗಳಿಗೆ ಮಣ್ಣು ತುಂಬುತ್ತಾ ಕೂತಿರುವುದನ್ನು ಊರು ನೋಡುತ್ತಾ ಹೋಗುತ್ತಿತ್ತು. ನೋಡಿದ್ದು ಮಾತಾಗಿ ಹಿಟ್ಟಿನ ಮಿಲ್ಲಿಗೆ ತಲುಪಿತು. ರಾಗಿ ಬೀಸಿಸಲು ಹೋದ ಅಮ್ಮನನ್ನು ಸಾಲಿನಲ್ಲಿದ್ದ ಹೆಂಗಸೊಬ್ಬಳು, ಪರಿಚಯದವಳೇ, ಕೇಳಿದಳಂತೆ: "ಮೇಷ್ಟ್ರಿಗೆ ಇನ್ನೂ ಪಿಂಚಣಿ ಬಂದಿಲ್ವಾ ಅಮ್ಮೋರೆ? ಟೇಸನ್ನಾಗೆ ಲೋಟ ಆಯ್ಕೊಂಡು ಓಡಾಡ್ತಾವ್ರಂತಲ್ಲ. ಓದಿರೋ ಮಗ ಮನೇಲೇ ಅವ್ನೆ, ನೋಡ್ಕೊಳ್ಳಾಕಿಲ್ವಾ?"

ಅಮ್ಮ ಮನೆಗೆ ಬಂದು ಹಿಟ್ಟಿನ ಡಬ್ಬ ಇಳಿಸಿ, ಬಹಳ ಹೊತ್ತು ಅದರ ಮುಚ್ಚಳವನ್ನು ಒರೆಸುತ್ತಾ ನಿಂತಿದ್ದಳು. ಬಯ್ಯಲಿಲ್ಲ. ಮಿಲ್ಲಿನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಇನ್ನು ಸ್ಟೇಷನ್ನಿಗೆ ಹೋಗಬೇಡಿ ಎಂದಳು. ಅಪ್ಪ ಆಯಿತು ಎಂದರು. ವಾದ ಮಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಮಾರನೆಯ ದಿನದಿಂದ ಅಪ್ಪ ವಾಕಿಂಗಿಗೇ ಹೋಗಲಿಲ್ಲ. ಒಂದೇ ಪೇಪರನ್ನು ಬೆಳಿಗ್ಗೆಯೂ ಓದಿದರು, ಮಧ್ಯಾಹ್ನವೂ ಓದಿದರು. ಗೋಡೆಯಾಚೆ ಕೆಲವು ಲೋಟಗಳಲ್ಲಿ ಬೀಜ ಒಡೆದು ಎರಡೆರಡು ಎಲೆ ಬಂದಿತ್ತು. ಉಳಿದ ಬೀಜಕ್ಕೆ ಸಾಕಾಗುವಷ್ಟು ಲೋಟವಿರಲಿಲ್ಲ, ತೂತು ಮಾಡಿಟ್ಟಿದ್ದ ಕೆಲವಕ್ಕೆ ಮಣ್ಣು ತುಂಬಲು ಅಪ್ಪ ಹೊರಗೆ ಕೂರಲೂ ಇಲ್ಲ. ಅವು ಒದ್ದೆ ಗೋಣಿಯಲ್ಲೇ ಮೊಳೆತು ಬಾಗುತ್ತಿದ್ದವು. ಸ್ಕೂಲು ಶುರುವಾಗುವ ಕಾಲ ಹತ್ತಿರ ಬರುತ್ತಿತ್ತು. ನರ್ಸರಿಯಿಂದ ಗಿಡ ತಂದುಕೊಟ್ಟರಾಯಿತಲ್ಲ ಎಂದು ನಾನು ಹೇಳಿದೆ. ಅಪ್ಪ ಪೇಪರಿನಿಂದ ತಲೆಯೆತ್ತದೆ, "ಪ್ಲಾಸ್ಟಿಕ್ ಇಲ್ಲದೆ ತರ್ತೀನಿ ಅಂತ ಮಕ್ಕಳಿಗೆ ಹೇಳಿದ್ದೀನಿ ಕಣೋ" ಎಂದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಎಷ್ಟು ದಿನ ಹೀಗೆ ಕಳೆಯಿತೋ ನೆನಪಿಲ್ಲ. ಒಂದು ಬೆಳಿಗ್ಗೆ ಎಲ್ಲರ ಸ್ನಾನವಾದ ಮೇಲೆ ಬಚ್ಚಲಿನಿಂದ ಟಪ್ ಎಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹೋಗಿ ನೋಡಿದರೆ ಅಮ್ಮ ಹಂಡೆಯ ಒಲೆಯ ಮುಂದೆ ಕೂತಿದ್ದಾಳೆ. ತೆಂಗಿನಮಟ್ಟೆ ಉರಿದು ನಿಗಿನಿಗಿ ಕೆಂಡವಾಗಿದೆ. ಆ ಕೆಂಡದಲ್ಲಿ ಸಾಲಾಗಿ ಲೋಟಗಳು ಮಲಗಿವೆ. ಗೋಡೆಯಾಚೆ ಖಾಲಿ ಬಿದ್ದಿದ್ದವನ್ನು ಗರಿಕಡ್ಡಿಗೆ ಸಿಕ್ಕಿಸಿಕೊಂಡು ತಂದಿದ್ದಳಂತೆ. ಕೆಲವು ಶಾಖಕ್ಕೆ ಸೀಳುತ್ತಿದ್ದವು. ಅಪ್ಪ ನನ್ನ ಹಿಂದೆ ಬಂದು ನಿಂತರು. ಅಮ್ಮ ತಿರುಗಿ ನೋಡಲಿಲ್ಲ.

"ಬೆಂಕಿಯಲ್ಲಿ ಸುಟ್ಟ ಮೇಲೆ ಅದು ಯಾರ ಎಂಜಲೂ ಅಲ್ಲ. ಆರಿದ ಮೇಲೆ ಒಳಗೆ ತನ್ನಿ. ರಸ್ತೆಯಲ್ಲಿ ಕೂರಬೇಡಿ."

ಅಪ್ಪ ಮುಂದೆ ಬಂದರು. ಒಲೆಯಿಂದ ಉರುಳಿದ ಒಂದು ಕೆಂಡವನ್ನು ಕಡ್ಡಿಯಿಂದ ಒಳಕ್ಕೆ ತಳ್ಳಿ, ಅಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮಸಿ ಹಿಡಿದು ಕಪ್ಪಾದ ಲೋಟಗಳು ಅಂದು ಮಧ್ಯಾಹ್ನ ತುಳಸಿಕಟ್ಟೆಯ ಪಕ್ಕಕ್ಕೆ ಬಂದವು. ಮೊಳೆತ ಬೀಜಗಳಿಗೆ ಅಷ್ಟು ಸಾಲಲಿಲ್ಲ. ಅಮ್ಮ ಗೋಣಿಯನ್ನು ಒಂದು ಸಲ ಎತ್ತಿ ನೋಡಿ ಮುಚ್ಚಿದಳು.

ಇನ್ನು ಮುಂದಿನದೇ ನನ್ನನ್ನು ಕಾಡುವುದು. ಎರಡು ಮೂರು ದಿನ ಬಿಟ್ಟು ಒಂದು ಬೆಳಿಗ್ಗೆ, ಗಾಡಿ ನಿಂತು ಪ್ಲಾಟ್‌ಫಾರಂ ಗಿಜಿಗುಡುವ ಹೊತ್ತಿಗೆ, ಅಮ್ಮ ಹಸಿರು ಸೀರೆ ಉಟ್ಟು ಅಪ್ಪನ ಜೊತೆ ಸ್ಟೇಷನ್ನಿಗೆ ಹೋಗಿದ್ದಳು. ಯಾರೋ ಬೆಂಚಿನ ಮೇಲೆ ಬಿಟ್ಟುಹೋದ ಲೋಟವನ್ನು ಅವಳು ಬಗ್ಗಿ, ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿದ್ದನ್ನು ನಾನು ಮೇಲ್ಸೇತುವೆಯಿಂದ ನೋಡಿದೆ. ಅಪ್ಪ ಚೀಲದ ಬಾಯಿ ಅಗಲ ಮಾಡಿ ಹಿಡಿದಿದ್ದರು. ಗಾಡಿಯೊಳಗಿನಿಂದ ಜನ ನೋಡುತ್ತಿದ್ದರು.

ಅಕ್ಕ ಒಪ್ಪುವುದಿಲ್ಲ. "ನೀನು ಆಗ ಮೈಸೂರಲ್ಲಿದ್ದೆ ಕಣೋ. ಅಮ್ಮ ನನಗೆ ಹೇಳಿದ್ದು, ನಾನು ನಿನಗೆ ಫೋನಲ್ಲಿ ಹೇಳಿದ್ದು. ನೀನು ಅದಕ್ಕೊಂದು ಸೇತುವೆ ಕಟ್ಕೊಂಡು ಹತ್ತಿ ನಿಂತಿದ್ದೀಯ" ಎನ್ನುತ್ತಾಳೆ. ಬಹಳ ವರ್ಷಗಳ ನಂತರ ಅಮ್ಮನನ್ನೇ ಕೇಳಿದೆ. ತಾನು ಯಾವುದನ್ನೂ ಮುಟ್ಟಲಿಲ್ಲವೆಂದೂ, ಟೀ ಮಾರುವವನೇ ಒಡೆಯದವನ್ನು ಆರಿಸಿ ಚೀಲಕ್ಕೆ ಹಾಕಿದನೆಂದೂ, ತಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆನೆಂದೂ ಹೇಳಿದಳು. ಸೀರೆಯ ಬಣ್ಣ ಕೇಳಿದ್ದಕ್ಕೆ ನಕ್ಕಳು. ನನ್ನ ನೆನಪಿನಲ್ಲಿ ಮಾತ್ರ ಅವಳ ಬೆರಳ ತುದಿ ಇಂದಿಗೂ ಕಾಣುತ್ತದೆ. ಕಂಡದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಮೂವರಿಗೂ ಒಪ್ಪಿಗೆಯಾದ ಸಂಗತಿ ಇಷ್ಟು: ಅವಳು ಹೋದಳು, ಎಲ್ಲರೂ ನೋಡುವ ಹೊತ್ತಿನಲ್ಲಿ ಹೋದಳು, ಅಪ್ಪನ ಪಕ್ಕದಲ್ಲಿ ನಿಂತಳು.

ಮಿಲ್ಲಿನಲ್ಲಿ ಆ ಹೆಂಗಸು ಮತ್ತೆ ಸಿಕ್ಕಾಗ ಅಮ್ಮನೇ ಮಾತು ತೆಗೆದು, ಶಾಲೆಯ ಮಕ್ಕಳಿಗೆ ಗಿಡ ಮಾಡುತ್ತಿದ್ದೇವೆ, ನಿಮ್ಮ ಹಟ್ಟಿಯಿಂದ ಒಂದು ಬುಟ್ಟಿ ಗೊಬ್ಬರ ಕಳಿಸಿ ಎಂದಳಂತೆ. ಗೊಬ್ಬರ ಬಂತು. ಹೊತ್ತು ತಂದವಳು ಅವಳೇ. ಹಿತ್ತಲಲ್ಲಿ ನಿಂತು ಲೋಟಗಳನ್ನು ನೋಡಿ, "ಎಂಥಾ ಮುದ್ದಾಗವೆ ಕಣ್ರವ್ವಾ, ಪುಟ್ಟ ಪುಟ್ಟ ಮಡಕೆ" ಎಂದಳು.

ಮೊದಲ ಮಳೆಗಳು ಬಿದ್ದು ನೆಲ ನೆನೆದ ಮೇಲೆ ಜಾವಗಲ್ಲಿಗೆ ಹೊರಟೆವು. ಆ ದಿನ ನಾನಿದ್ದೆ. ಬಸ್ಸಿನಲ್ಲಿ, ಗಿಡದ ಲೋಟಗಳನ್ನು ಜೋಡಿಸಿದ ಟೊಮ್ಯಾಟೊ ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಿಂದ ನನ್ನ ಪ್ಯಾಂಟೆಲ್ಲ ಕೆಸರಾಗಿತ್ತು. ಅಮ್ಮನ ಮಡಿಲಲ್ಲೊಂದು, ಅಪ್ಪನ ಕಾಲ ಬಳಿ ಎರಡು. ಅಪ್ಪನನ್ನು ವರ್ಷಗಳಿಂದ ಬಲ್ಲ ಕಂಡಕ್ಟರ್, "ಮೇಷ್ಟ್ರೇ, ಈ ಸಲ ಹೊಸಾ ಮಕ್ಕಳನ್ನ ಸೇರಿಸಕ್ಕೆ ಹೊಂಟ್ರಾ?" ಎಂದು ಚುಡಾಯಿಸಿದ.

ಶಾಲೆಯಲ್ಲಿ ಮಕ್ಕಳು ಓಡಿಬಂದರು. ಅಪ್ಪ ಒಂದು ಕ್ರೇಟನ್ನು ಎತ್ತಿ ಹಿಡಿದರು. "ಹೇಳಿದ್ದೆನಲ್ಲ, ಪ್ಲಾಸ್ಟಿಕ್ ಇಲ್ಲದ ಗಿಡ. ತಂದಿದ್ದೀನಿ" ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಯಾವ ಗಿಡ ಸಾರ್ ಎಂದು ಒಬ್ಬ ಕೇಳಿದ. ಅಪ್ಪ ಮಾತು ಕೊಟ್ಟಿದ್ದ ದೊಡ್ಡ ತರಗತಿಯವರು ಹೈಸ್ಕೂಲಿಗೆ ಹೋಗಿಯಾಗಿತ್ತು. ಚಿಕ್ಕವರಿಗೆ ಬೇಲಿಯ ಮೇಲಿನ ಚೀಲಗಳೂ ನೆನಪಿರಲಿಲ್ಲ. ಅಪ್ಪ ಕ್ರೇಟ್ ಹಿಡಿದುಕೊಂಡೇ ನಿಂತುಬಿಟ್ಟರು. ಮಾತು ಕೊಟ್ಟಿದ್ದು ನಿಜವೇ ಎಂದು ಅವರಿಗೇ ಅನುಮಾನ ಬಂದಂತೆ ಕಂಡಿತು. ಅಂಥ ಮುಖವನ್ನು ನಾನು ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

"ನಿಮಗೆ ನೆನಪಿತ್ತಲ್ಲ, ಸಾಕು. ಗುಂಡಿ ಎಲ್ಲಿ ತೋಡಬೇಕು ಹೇಳಿ" ಎಂದಳು ಅಮ್ಮ.

ಗುಂಡಿ ತೋಡಲು ಮಕ್ಕಳಿಗೆ ಹಳೆಯ ಮಾತಿನ ಅಗತ್ಯವಿರಲಿಲ್ಲ. ಗದ್ದಲವೋ ಗದ್ದಲ. ಮೊದಲನೆಯ ಗುಂಡಿಯ ಹತ್ತಿರ ಅಪ್ಪ ಲೋಟವನ್ನು ಬೋರಲು ಹಿಡಿದು, ಗಿಡ ಬೇರುಸಮೇತ ಜಾರಿ ಬರಲೆಂದು ಮೆಲ್ಲಗೆ ತಟ್ಟುತ್ತಿದ್ದರು. ತಳದ ತೂತಿನಿಂದ ಬೇರು ಹೊರಗೆ ಬಂದು ಸುತ್ತಿಕೊಂಡಿತ್ತು. ಜಾರಲಿಲ್ಲ. ಲೋಟ ಉಳಿಸಿಕೊಳ್ಳಬೇಕೆಂದು ಅವರಿಗೆ ಆಸೆ. ಬೇರು ಹರಿಯುತ್ತದೆಂದು ಭಯ. ಅಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಅಲ್ಲೇ ಇದ್ದ ಕಲ್ಲಿಗೆ ಹದವಾಗಿ ಒಂದು ಕುಟ್ಟು ಕುಟ್ಟಿದಳು. ಲೋಟ ಮೂರು ಹೋಳಾಗಿ ಬಿಚ್ಚಿಕೊಂಡಿತು. ಹೋಳುಗಳನ್ನು ಗುಂಡಿಯ ಬದಿಗೇ ಒತ್ತಿ, ಗಿಡ ಇಳಿಸಿ, ಸುತ್ತಲೂ ಮಣ್ಣು ಎಳೆದು ಬರಿಗೈಯಲ್ಲಿ ಅದುಮಿದಳು.

ಅಪ್ಪ ಒಂದು ಹೋಳನ್ನು ಎತ್ತಿ ನೋಡುತ್ತಿದ್ದರು. "ಎಲ್ಲಾ ಒಡೆದುಹಾಕಿದರೆ ಮುಂದಿನ ವರ್ಷಕ್ಕೆ ಏನೇ ಮಾಡೋದು?"

ಅಮ್ಮ ಇನ್ನೊಂದು ಗಿಡಕ್ಕೆ ಕೈ ಚಾಚಿದಳು. "ಗಾಡಿ ಬರುತ್ತಲ್ಲ, ಮತ್ತೆ ಹೋದರಾಯ್ತು. ಆ ಕಡೆಯದು ಕೊಡಿ."