ಬರೆದಾದ ಮೇಲೆ ಬೀಪ್

ಒಂದಾನೊಂದು ಊರಿನಲ್ಲಿ ಒಂದು ಪೆಟ್ಟಿಗೆಯಿತ್ತಂತೆ. ಹೆಬ್ಬೆರಳಿಟ್ಟರೆ ಬೀಪ್ ಎನ್ನುತ್ತಿತ್ತು, ಹಸಿರು ದೀಪ ಬೆಳಗುತ್ತಿತ್ತು. ಆದರೆ ಮೂರ್ಛೆ ಬಂದು ಬಿದ್ದೆದ್ದರೆ ಯಾರು ಬಂದಿದ್ದರೆಂಬುದೇ ಅದಕ್ಕೆ ನೆನಪಿರುತ್ತಿರಲಿಲ್ಲ. ಆದರೂ ಊರಿನ ದೊಡ್ಡವರು ಮನುಷ್ಯರ ಮಾತು ಬಿಟ್ಟು ಪೆಟ್ಟಿಗೆಯನ್ನೇ ನಂಬುತ್ತಿದ್ದರು. ಯಾವ ಕಾಲದ ಕಥೆ ಎನ್ನುತ್ತೀರಾ? ಕಳೆದ ತಿಂಗಳದ್ದು.

ಬೆಳಗಿನ ಜಾವ ನಾಲ್ಕೂವರೆ. ಬಸ್ ಡಿಪೋದ ಹಳೆ ಟೈರುಗಳ ಕೋಣೆಯ ಹಿಂದೆ, ಕಿಟಕಿಯಿಲ್ಲದ ಗೂಡಿನಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಹಾಜರಿ ಯಂತ್ರಗಳ ಪ್ರೋಗ್ರಾಂ ನೋಡಿಕೊಳ್ಳುವುದು ಅವಳ ಕೆಲಸ. ಯಂತ್ರ ಎರಡು, ದಿನಕ್ಕೆ ಬೀಳುವ ಹೆಬ್ಬೆರಳು ಎಂಟುನೂರಕ್ಕೂ ಹೆಚ್ಚು. ಬಂದು ಆರು ವರ್ಷವಾಯಿತು, ಗುತ್ತಿಗೆ ಮಾತ್ರ ಇವತ್ತಿಗೂ ಮೂರು ಮೂರು ತಿಂಗಳಿಗೆ. ಅವಳ ಹೆಸರು ಕೇಳಿದರೆ ಡಿಪೋದಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ‘ಬೀಪ್ ಮೇಡಂ’ ಎಂದರೆ ಕೈ ತೋರಿಸುತ್ತಾರೆ.

ಇಪ್ಪತ್ತೆಂಟು ವರ್ಷ ಸ್ಟೀರಿಂಗ್ ಹಿಡಿದ ಹಿರಿಯ ಚಾಲಕರಿಗೆ ಕಳೆದ ತಿಂಗಳು ಎರಡು ಗೈರುಹಾಜರಿ ಬಿತ್ತು. ಎರಡೂ ದಿನ ಅವರು ಕತ್ತಲಲ್ಲೇ ಬಂದು ಹೆಬ್ಬೆರಳಿಟ್ಟಿದ್ದರು. ಪಟ್ಟಿ ‘ಬಂದಿಲ್ಲ’ ಎಂದಿತು, ಅವರ ಬಸ್ಸು ಬೇರೆಯವರ ಪಾಲಾಯಿತು. ಮೂರನೆಯದು ಬಿದ್ದರೆ ಅಮಾನತು.

“ಬೀಪ್ ಅಂದಿದ್ದು ನಾನೇ ಕೇಳಿದೀನಿ ಸಾರ್,” ಎಂದರು ಚಾಲಕರು.

“ಡಾಕ್ಟರಿಗೆ ಕಿವಿ ತೋರಿಸ್ಕೊಳ್ರೀ!” ಎಂದರು ಡಿಪೋದ ಹಾಜರಿ ನೋಡುವ ಅಧಿಕಾರಿ. “ಕಂಪ್ಯೂಟರ್ ಯಾಕ್ರೀ ಸುಳ್ಳು ಹೇಳುತ್ತೆ? ಅದು ಮರೆಯುತ್ತೆ ಅಂತ ಕಾಗದದ ಮೇಲೆ ತೋರಿಸಿ, ಎಲ್ಲಾ ಗೈರು ಹೊಡೆದುಹಾಕ್ತೀನಿ.”

“ನಾನು ತೋರಿಸ್ತೀನಿ ಅಣ್ಣಾ,” ಎಂದು ಅವಳು ಚಾಲಕರಿಗೆ ಮಾತು ಕೊಟ್ಟಳು.

ಪ್ರೋಗ್ರಾಂ ಪ್ರತಿ ಹೆಬ್ಬೆರಳಿನ ದಾಖಲೆಯನ್ನು ಬರೀ ಪರದೆಯ ಮೇಲೆ ಬರೆಯುತ್ತಿತ್ತು. ಅದು ನಡುವೆ ಕೆಟ್ಟು ಬಿದ್ದು ತಾನೇ ಎದ್ದರೆ ಪರದೆ ಖಾಲಿ. ಫೈಲಿಗೆ ಬರೆಸೋಣವೆಂದು ಆರು ವರ್ಷದಲ್ಲಿ ಮೂರು ಸಲ ಅರ್ಜಿ ಕೊಟ್ಟಿದ್ದಳು. “ನಡೀತಾ ಇದೆಯಲ್ಲಮ್ಮ, ಯಾಕೆ ಕೆದಕ್ತೀಯ?” ಎಂಬುದು ಮೂರು ಸಲದ ಉತ್ತರ. ಒಬ್ಬರ ಅನ್ನಕ್ಕೆ ಕುತ್ತು ಬಂದರೂ ಇವರ ಪಾಲಿಗೆ ಅದು ‘ನಡೆಯುವುದು’!

ಈ ಸಲ ಯಾರನ್ನೂ ಕೇಳದೆಯೇ, ದಾಖಲೆ ಫೈಲಿಗೂ ಹೋಗುವಂತೆ ಪ್ರೋಗ್ರಾಂ ತಿದ್ದಿ ಬರೆದಳು. ಮೊದಲ ಸಲ ಪ್ರೋಗ್ರಾಂ ಬಿದ್ದಾಗ ಫೈಲಿನಲ್ಲಿ ಎಲ್ಲವೂ ಇತ್ತು, ಬೀಳುವ ಮುಂಚಿನ ಕೊನೆಯ ಸಾಲೊಂದು ಬಿಟ್ಟು. ಸಾಲನ್ನು ಫೈಲಿನ ಕೈಗೆ ಕೊಟ್ಟು, ಬರೆಯಿತೋ ಇಲ್ಲವೋ ನೋಡದೆ ಮುಂದೆ ಓಡುವಂತೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವಳೇ ಬರೆದಿದ್ದಳು.

“ಅಂಚೆ ಡಬ್ಬಿಗೆ ಹಾಕಿದ ಕೂಡ್ಲೇ ಕಾಗದ ತಲುಪ್ತು ಅಂದ್ಕೊಂಡೆ ನೋಡಿ, ಪೆದ್ದಿ!” ಎಂದು ನಗುತ್ತಾಳೆ. ಈಗ ಕ್ರಮ ತಿರುಗಿಸಿದ್ದಾಳೆ: ಸಾಲು ಫೈಲಿಗೆ ಇಳಿಯುವವರೆಗೆ ಪ್ರೋಗ್ರಾಂ ಕಾಯಬೇಕು, ಬರೆದಾದ ಮೇಲೆಯೇ ಬೀಪ್.

ನಾಲ್ಕು ಐವತ್ತೆರಡು. ಚಾಲಕರು ಹೆಬ್ಬೆರಳಿಡುತ್ತಾರೆ. ಪಕ್ಕದ ಯಂತ್ರದಲ್ಲಿ ಅದೇ ಕ್ಷಣಕ್ಕೆ ನಿರ್ವಾಹಕಿಯೊಬ್ಬರದು. ಬೀಪ್. ಪ್ರೋಗ್ರಾಂ ಬೀಳುತ್ತದೆ, ಏಳುತ್ತದೆ. ಫೈಲನ್ನು ನೋಡದೆ ಖಾಲಿ ಪರದೆಯನ್ನೇ ನಂಬುವ ಪಟ್ಟಿ ಹೇಳುತ್ತದೆ: ಬಂದಿಲ್ಲ.

“ಮೂರಾಯ್ತಲ್ರೀ,” ಎನ್ನುತ್ತಾ ಅಧಿಕಾರಿ ತಮ್ಮ ಕೋಣೆಯಲ್ಲಿ ಚಾಲಕರೆದುರು ಕೆಂಪು ಪೆನ್ನು ತೆಗೆಯುತ್ತಾರೆ.

ಅವಳು ಇನ್ನೂ ಬಿಸಿಯಾಗಿರುವ ಮುದ್ರಿತ ಹಾಳೆಯನ್ನು ಮೇಜಿನ ಮೇಲಿಡುತ್ತಾಳೆ. ಒಂದು ಸಾಲಿನಲ್ಲಿ ಚಾಲಕರ ಸಂಖ್ಯೆ, ಸಮಯ. ಅದರ ಕೆಳಗೆ, ಒಟ್ಟಿಗೆ ಎರಡು ಹೆಬ್ಬೆರಳು ಬಂದದ್ದರಿಂದ ಬಿದ್ದೆನೆಂದು ಪ್ರೋಗ್ರಾಮಿನದೇ ತಪ್ಪೊಪ್ಪಿಗೆ.

ಅಧಿಕಾರಿ ಎರಡೆರಡು ಸಲ ಓದುತ್ತಾರೆ. “ಇದನ್ನ ಮಾಡು ಅಂತ ಯಾರಮ್ಮ ಹೇಳಿದ್ದು ನಿಂಗೆ?”

“ಯಾರೂ ಹೇಳ್ಲಿಲ್ಲ ಸಾರ್. ಅದಕ್ಕೇ ಆರು ವರ್ಷ ಹಿಡೀತು.”

ಚಾಲಕರು ಕೆಮ್ಮುವ ನೆಪದಲ್ಲಿ ನಗು ನುಂಗುತ್ತಾರೆ. ಅವಳು ಅಲ್ಲೇ ನಿಂತಿದ್ದಾಳೆ. ಕೆಂಪು ಪೆನ್ನು ಮೊದಲ ಗೈರನ್ನು ಹೊಡೆದುಹಾಕುತ್ತದೆ, ಎರಡನೆಯದನ್ನು ಹೊಡೆದುಹಾಕುತ್ತದೆ. ಮೂರನೆಯದನ್ನೂ ಹೊಡೆದ ಮೇಲೆಯೇ ಅವಳು ಬಾಗಿಲತ್ತ ತಿರುಗುತ್ತಾಳೆ.