ಕುರಿ ನೋಡಲು ಹತ್ತಿದ ಗುಡ್ಡ

ಮೊದಲು ಬಂದದ್ದು ಒಣಕೆಮ್ಮು. ಸ್ಪಿತಿ ಕಣಿವೆಯ ಗಾಳಿ ಬಲು ಒಣ, ಅದಕ್ಕೇ ಇರಬೇಕು ಎಂದುಕೊಂಡೆ. ಸಂಜೆಯ ಹೊತ್ತಿಗೆ ನನ್ನ ಗಂಡನಿಗೆ ಕೂತಲ್ಲೇ ಏದುಸಿರು. ಕರವಸ್ತ್ರದಲ್ಲಿ ನಸುಗೆಂಪು ನೊರೆ.



ತಪ್ಪು ಅವರದೇ. ಹಿಂದಿನ ದಿನವಷ್ಟೇ ಮನಾಲಿಯಿಂದ ಒಂದೇ ಉಸಿರಿಗೆ ಕುಂಜುಮ್ ಪಾಸ್ ದಾಟಿ ಬಂದಿದ್ದೆವು. ಈ ಎತ್ತರಕ್ಕೆ ಮೈ ಒಗ್ಗುವವರೆಗೆ ಎರಡು ದಿನ ಮಿಸುಕಾಡಬೇಡಿ ಎಂದು ಹೋಂಸ್ಟೇ ನಡೆಸುವ ಡೋಲ್ಮಾ ತನ್ನ ಹಿಂದಿಯಲ್ಲಿ ಹೇಳಿದ್ದಳು. ಆದರೆ ಇವರು ಭರಮಸಾಗರದ ಕುರಿಗಾರರ ಮನೆಯಲ್ಲಿ ಹುಟ್ಟಿದವರು. ಕುರಿ ಕಂಡರೆ ಉಣ್ಣೆ ಮುಟ್ಟಿ, ಹಲ್ಲು ನೋಡಿ ವಯಸ್ಸು ಹೇಳದಿದ್ದರೆ ಅನ್ನ ಸೇರುವುದಿಲ್ಲ. ಅಂದು ಬೆಳಗ್ಗೆ ಎದುರಿನ ಗುಡ್ಡದ ಮೇಲೆ ಹಿಂಡೊಂದು ಕಂಡದ್ದೇ ತಡ, "ದಿನಾ ನಮ್ಮ ದುರ್ಗದ ಜೋಗಿಮಟ್ಟಿ ಗುಡ್ಡ ಹತ್ತೋನಿಗೆ ಇದೇನ್ ಮಹಾ ಐತೆ?" ಎಂದು ಹೊರಟೇಬಿಟ್ಟಿದ್ದರು.

ಹತ್ತಿರದ ಪಟ್ಟಣ ಕಾಜಾದ ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದ ಡಾಕ್ಟರ್ ತಕ್ಷಣ ಆಕ್ಸಿಜನ್ ಹಚ್ಚಿದರು. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಕೆಳಗಿಳಿಯುವುದೇ ನಿಜವಾದ ಔಷಧ, ಬೆಳಗಾಗುತ್ತಲೇ ಹೊರಡಿ ಎಂದರು.

ಹೊರಗೆ ಹಿಮ ಬೀಳತೊಡಗಿತ್ತು.

ಬಂದ ದಾರಿಯೇ ಹತ್ತಿರ, ಮನಾಲಿಗೇ ಹೋಗೋಣ ಎಂದು ನಾನು ಹಟ ಹಿಡಿದೆ. ಚಿತ್ರದುರ್ಗದಿಂದ ಮೈದುನನೂ ಫೋನಿನಲ್ಲಿ ಅದನ್ನೇ ಹೇಳಿದ. ಆಸ್ಪತ್ರೆಗೆ ಜೊತೆಗೇ ಬಂದಿದ್ದ ಡೋಲ್ಮಾ ಕೇಳಲಿಲ್ಲ. ಮಂಚದ ಹೊದಿಕೆಯ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದಳು. ಕುಂಜುಮ್ ದಾರಿ ಇಳಿಯುವ ಮೊದಲು ಇನ್ನೂ ಮೇಲಕ್ಕೆ ಹತ್ತುತ್ತದೆ, ನಿನ್ನ ಗಂಡ ತಡೆದುಕೊಳ್ಳುವುದಿಲ್ಲ. ಈ ಹಿಮ ಕರಗದೆ ಉಳಿದರೆ ಆ ದಾರಿ ಬೇಸಿಗೆಯವರೆಗೂ ಮುಚ್ಚಿದಂತೆಯೇ. ಕಿನ್ನೌರಿನ ದಾರಿ ಉದ್ದ, ಆದರೆ ನದಿಯ ಜೊತೆಗೇ ಇಳಿಯುತ್ತದೆ ಎಂದಳು.

ಅವಳ ಮನೆಯ ಮಾಳಿಗೆಯ ಮೇಲೆ ಆರು ತಿಂಗಳಿಗಾಗುವ ಹುಲ್ಲು, ಸೌದೆ ಆಗಲೇ ಏರಿತ್ತು. ಯಾವ ತಿಂಗಳು ಯಾವ ದಾರಿ ತೆರೆಯುತ್ತದೆ, ಯಾವಾಗ ಹೊರಡಬೇಕು, ಯಾವಾಗ ಸುಮ್ಮನೆ ಒಲೆ ಮುಂದೆ ಕೂರಬೇಕು ಎಂಬುದನ್ನು ಬೆಟ್ಟದ ಬಾಯಿಂದಲೇ ಕೇಳಿ ಬದುಕುವ ಜನ ಅವರು. ರಸ್ತೆ ಎಂದರೆ ಯಾವಾಗಲೂ ಇರುವಂಥದ್ದು ಎಂದು ತಿಳಿದಿದ್ದ ನಾನು ಹಟ ಬಿಟ್ಟೆ.

ಮುಂಜಾನೆ ಅವಳ ತಮ್ಮ ಗಾಡಿ ತಂದ. ಸಿಲಿಂಡರ್ ನನ್ನ ಕಾಲ ಬಳಿ, ಇವರ ತಲೆ ನನ್ನ ಹೆಗಲ ಮೇಲೆ. ದಾರಿಯಲ್ಲಿ ಎರಡು ಕಡೆ ಕಲ್ಲು ಉರುಳಿದ್ದವು. ಅವನು ಇಳಿದು, ಮೇಲೆ ಬೆಟ್ಟವನ್ನು ಬಹಳ ಹೊತ್ತು ನೋಡಿ, ಆಮೇಲಷ್ಟೇ ಕಲ್ಲಿಗೆ ಕೈ ಹಾಕಿದ. 

ಮಧ್ಯಾಹ್ನ ಕಳೆದ ಮೇಲೆ ಮರಗಳು ಕಂಡವು. ಸೇಬಿನ ತೋಟಗಳು. ಇವರ ತುಟಿಯ ನೀಲಿ ಇಳಿದಿತ್ತು.

ಚಹಾ ಕೇಳಿದರು.

ನಾನು ಅತ್ತುಬಿಟ್ಟೆ. ಅವರು ಲೋಟ ಹಿಡಿದು ಮೆಲ್ಲಗೆ ಹೇಳಿದರು: "ನಮ್ಮಪ್ಪ ಕುರಿ ಹೊಡ್ಕಂಡು ಹೋಗಾಗ ಅಲ್ಲಲ್ಲಿ ತಂಗಿಸ್ತಿದ್ದ. ಅವು ಮೆಲುಕು ಹಾಕಿದ ಮ್ಯಾಲೇ ಮುಂದ್ಕೆ. ಕುರಿಗೆ ಕೊಟ್ಟಷ್ಟು ಟೈಮ್ ನನಗೆ ನಾನೇ ಕೊಡ್ಲಿಲ್ಲ ನೋಡೇ."

ಈಗ ದುರ್ಗದಲ್ಲಿದ್ದೇವೆ. ಎಕ್ಸ್‌ರೇ ತಿಳಿಯಾಗಿದೆ. ಅಷ್ಟೆತ್ತರದ ಬೆಟ್ಟ ಇನ್ನು ಬೇಡ ಎಂದಿದ್ದಾರೆ ಇಲ್ಲಿಯ ಡಾಕ್ಟರ್. ಕುಂಜುಮ್ ಮುಚ್ಚಿದೆ. ಡೋಲ್ಮಾಳ ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಮತ್ತೆ ಜೋಗಿಮಟ್ಟಿ ಹತ್ತುತ್ತಿದ್ದಾರೆ. ಸುಸ್ತಾಗದಿದ್ದರೂ ಅರ್ಧಕ್ಕೆ ನಿಂತು, "ಇಲ್ಲೊಂಚೂರು ತಂಗಾಣ" ಅನ್ನುತ್ತಾರೆ. ನಾನೂ ಪಕ್ಕದ ಬಂಡೆಯ ಮೇಲೆ ಕೂತು, ಅವರ ಉಸಿರು ಸದ್ದಿಲ್ಲದೆ ಹೋಗಿ ಬರುವುದನ್ನು ಕೇಳುತ್ತೇನೆ.