ಕುರಿ ದಲ್ಲಾಳಿಯ ಹೊಸ ಹಲ್ಲು

ನಮ್ಮೂರಿನ ಕುರಿ ದಲ್ಲಾಳಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮೇಚೇರಿ ಸಂತೆಯಲ್ಲಿ ಕುರಿಯ ಕೆಳತುಟಿ ಎಳೆದು ಹಲ್ಲು ನೋಡುತ್ತ, "ಬಾಯ್ ನೋಡ್ದೆ ಬೆಲೆ ಏಳ್ಬ್ಯಾಡ ಲಾ" ಎನ್ನುವುದು ಅವನ ಪಲ್ಲವಿ. ಹಾಗೆನ್ನುವಾಗ ತನ್ನ ಬಾಯಿಗೆ ಮಾತ್ರ ಟವೆಲ್ ಅಡ್ಡ ಹಿಡಿಯುತ್ತಿದ್ದ. ಬೋರ್‌ವೆಲ್ ನೀರಿಗೆ ನಮ್ಮ ಕಡೆ ಎಲ್ಲರ ಹಲ್ಲೂ ಕಂದು. ಅವನವು ಹುಳುಕಾಗಿ ಅಲ್ಲಾಡುತ್ತಲೂ ಇದ್ದವು. ಕೀಳಿಸಲೋ ಬೇಡವೋ ಎಂದು ವರ್ಷವೆಲ್ಲ ಒದ್ದಾಡಿ, ಕಡೆಗೆ ಹೆಣ್ಣು ನೋಡಲು ಹೋಗುವ ಮುಂಚೆ ಸೇಲಂನಲ್ಲಿ ಅಷ್ಟನ್ನೂ ಕೀಳಿಸಿ ಹಲ್ಲಿನ ಸೆಟ್ಟು ಹಾಕಿಸಿಕೊಂಡ. ಅಲ್ಲಿದ್ದುದರಲ್ಲೇ ಅತಿ ಬಿಳಿಯ ಬಣ್ಣ ಆರಿಸಿದ್ದ.

ನಲ್ಲಂಪಳ್ಳಿ ಹತ್ತಿರದ ಹೆಣ್ಣಿನ ಮನೆಗೆ ನನ್ನನ್ನೂ ಕರೆದೊಯ್ದ. ಕೂತ ಕೂಡಲೇ ಹಲ್ಲು ಕಿರಿದ. ಹುಡುಗಿಯ ಅಜ್ಜಿ ದಿಟ್ಟಿಸಿ ನೋಡಿದರು.

"ಈ ನೀರ್ ಕುಡ್ದು ಬೆಳ್ದೋನ್ಗೆ ಅಲ್ಲು ಇಷ್ಟು ಬೆಳ್ಳಗೆ ಎಂಗಿರ್ತೈತೆ? ತೆಗ್ದು ತೋರ್ಸಪ್ಪ."

ತೆಗೆದು ತೋರಿಸಿದ. ಬಾಗಿಲ ಮರೆಯಲ್ಲಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಪರವಾಯಿಲ್ಲ, ನಮ್ಗೆ ಒಪ್ಗೆ," ಎಂದರು ಅಜ್ಜಿ.

ವಾಪಸು ಬರುವಾಗ ಬಸ್ಸಿನಲ್ಲಿ ಸೆಟ್ಟನ್ನು ಜೇಬಿಗಿಳಿಸಿ, ಬೊಚ್ಚು ಬಾಯಲ್ಲಿ ಅವನು ನನ್ನ ಕಿವಿಗೆ ಹೇಳಿದ:

"ಈ ಸಂಬಂಧ ಬ್ಯಾಡ ಲಾ. ಉಡ್ಗಿ ಬಾಯ್ ಮುಚ್ಕೊಂಡೇ ನಕ್ಲು. ಅಲ್ಲು ಎಂಗೈತೋ ಏನೋ."